ಪಟ್ಟಿಯಲ್ಲಿಲ್ಲದ ಪೈಲವಾನ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳ ಹಳ್ಳಿಗಳ ಗುಡಿಗಳಲ್ಲಿ ಗೋಡೆಗೆ ಕೂಡಿಸಿದ ಕಲ್ಲಿನ ಹಲಗೆಯೊಂದು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಗುಡಿಯ ಜೀರ್ಣೋದ್ಧಾರಕ್ಕೆ ಯಾರು ಎಷ್ಟು ಕೊಟ್ಟರು ಎಂಬುದನ್ನು ಅದರ ಮೇಲೆ ಕೆತ್ತಿರುತ್ತಾರೆ. ಹೆಚ್ಚು ಕೊಟ್ಟವರು ಮೇಲೆ, ನೂರಾ ಒಂದು ಕೊಟ್ಟವರು ಕೆಳಗೆ. ಹೆಸರು ಮಾತ್ರ ಯಾರದೂ ಬಿಟ್ಟುಹೋಗುವಂತಿಲ್ಲ. ಜಾತ್ರೆಗೆ ಪಟ್ಟಿ ಎತ್ತುವಾಗಲೂ ಇದೇ ಶಿಸ್ತು. ಪಾವತಿ ಪುಸ್ತಕ ಇರುತ್ತದೆ, ಜಾತ್ರೆ ಮುಗಿದ ಮೇಲೆ ಹಿರಿಯರ ಮುಂದೆ ಜಮಾ-ಖರ್ಚು ಓದಿ ಹೇಳಬೇಕಾಗುತ್ತದೆ, ಹತ್ತು ರೂಪಾಯಿ ತಾಳೆಯಾಗದಿದ್ದರೂ ಮಾತು ಬೆಳೆಯುತ್ತದೆ. ಅದೇ ಜಾತ್ರೆಯಲ್ಲಿ ಕೆಂಪು ಮಣ್ಣಿನ ಕಣದೊಳಗೆ ಕುಸ್ತಿ ನಡೆಯುತ್ತವೆ. ತೆಂಗಿನಕಾಯಿಗಾಗಿ ಹಿಡಿಯುವ ಹುಡುಗರಿಂದ ಬೆಳ್ಳಿ ಕಡಗದ ಜೋಡಿಯವರೆಗೆ ಒಂದೇ ಮಧ್ಯಾಹ್ನದಲ್ಲಿ ಹತ್ತಾರು ಕುಸ್ತಿ. ಹಲಗೆ ವಾದ್ಯದ ಸದ್ದಿನ ನಡುವೆ ಒಬ್ಬ ಚಿತ್ ಆಗುತ್ತಾನೆ, ಇನ್ನೊಬ್ಬ ಜನರ ಹೆಗಲೇರುತ್ತಾನೆ. ಕಡಗ ಕೊಡಿಸಿದವರ ಹೆಸರು ಪಾವತಿ ಪುಸ್ತಕದಲ್ಲಿ ಉಳಿಯುತ್ತದೆ. ಕಡಗ ಗೆದ್ದವನ ಹೆಸರು ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸಾಲಾಗಿ ಬಂದರೆ ಬಂತು. ಅವನೆದುರು ಸೋತವನು ಯಾರು, ಎಷ್ಟು ಹೊತ್ತು ತಡೆದು ನಿಂತ, ಯಾವ ಡಾವಿಗೆ ಬಿದ್ದ ಎಂಬುದೆಲ್ಲ ಸಂಜೆಯ ಧೂಳಿನ ಜೊತೆಗೇ ಅಡಗಿಹೋಗುತ್ತದೆ.

ಕೊಟ್ಟವರ ಲೆಕ್ಕವನ್ನು ಇಷ್ಟು ಜತನದಿಂದ ಇಡುವ ಊರು ಆಡಿದವರ ಲೆಕ್ಕವನ್ನು ಏಕೆ ಇಡಲಿಲ್ಲ? ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗೆದ್ದವನನ್ನು ಹಾಡು, ಕಡಗ, ಕಟ್ಟೆಯ ಮೇಲಿನ ಮಾತು ಹೇಗೋ ಒಂದೆರಡು ತಲೆಮಾರು ದಾಟಿಸುತ್ತವೆ. ಸೋತವನನ್ನೂ ಸಾಧಾರಣ ಆಟಗಾರನನ್ನೂ ಹಾಗೆ ದಾಟಿಸಬಲ್ಲದ್ದು ಅಡ್ಡಗೆರೆ ಉದ್ದಗೆರೆ ಎಳೆದ ಒಂದು ಹಾಳೆ ಮಾತ್ರ. ಆಟದ ಅಂಕಿಅಂಶ ಎಂದ ಕೂಡಲೇ ನಾವು ಶತಕ, ದಾಖಲೆ, ನಂಬರ್ ಒನ್ ಎಂದು ಎಣಿಸುತ್ತೇವೆ. ಅದರ ನಿಜವಾದ ಉಪಕಾರ ಸಿಗುವುದು ನಂಬರ್ ಒನ್ ಆಗದವರಿಗೆ. ಈ ನಾಲ್ಕು ತಾಲೂಕುಗಳ ಆಟದ ಇತಿಹಾಸ ಬರೆಯಲು ಹೊರಟವರಿಗೆ ಮೊದಲು ಎದುರಾಗುವುದೇ ಆ ಹಾಳೆಯ ಗೈರುಹಾಜರಿ.

ಲೆಕ್ಕ ಬರೆಯುವುದು ಈ ನೆಲಕ್ಕೆ ಹೊಸತು ಎನ್ನುವಂತಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನ ಶಕ ವರ್ಷ 867ರದು, ಅಂದರೆ ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಹೇಳುವ ರೀತಿ ನೋಡಬೇಕು: ವಿದ್ಯಾರ್ಥಿಗಳ ವಾಸಕ್ಕೆ 27 ಮನೆ, ದೀಪದ ಎಣ್ಣೆಗೆ 12 ನಿವರ್ತನ ಭೂಮಿ, ಊರಿನಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು. ಕಾಲು ನಾಣ್ಯದವರೆಗೂ ಕೆತ್ತಿಟ್ಟ ಊರು ಇದು. ಎರಡು ಶತಮಾನದ ನಂತರ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಭಂಡಾರಿಯಾಗುವ ಮೊದಲು ಬಿಜ್ಜಳನ ಆಡಳಿತದಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಕರಣಿಕ ಎಂದರೆ ಲೆಕ್ಕ ಬರೆಯುವವನು. ಇನ್ನೂ ಏಳು ಶತಮಾನ ಕಳೆದು 1884ರಲ್ಲಿ ಮುಂಬಯಿ ಸರ್ಕಾರ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯ ಗ್ಯಾಝೆಟಿಯರ್ ಅಚ್ಚು ಹಾಕಿಸಿತು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂಬ ವಿಭಾಗಗಳು ಅದರಲ್ಲಿ ಬೇರೆಬೇರೆಯಾಗಿ ಬರುತ್ತವೆ. ಎಷ್ಟು ನೇಗಿಲು, ಎಷ್ಟು ಬಂಡಿ, ಎಷ್ಟು ಎತ್ತು ಎಂದು ಪ್ರತಿ ವಿಭಾಗಕ್ಕೂ ಎಣಿಕೆಯಿದೆ. ಎತ್ತನ್ನು ಎಣಿಸಿದರು, ಎತ್ತಿನ ಓಟವನ್ನು ಎಣಿಸಲಿಲ್ಲ. ಕಂದಾಯಕ್ಕೆ ಸಂಬಂಧಿಸಿದ್ದು ಅಂಕಿಯಾಯಿತು, ಹಬ್ಬಕ್ಕೆ ಸಂಬಂಧಿಸಿದ್ದು ವರ್ಣನೆಯಾಯಿತು. ಈ ವಿಂಗಡಣೆಯನ್ನು ಬ್ರಿಟಿಷರು ಮಾಡಿಹೋದರು, ಅವರು ಹೋದ ಮೇಲೆ ನಾವು ಅದನ್ನು ಮುಂದುವರಿಸಿದೆವು.

ಹಾಗಾದರೆ ಬಲ ಮತ್ತು ಚಾತುರ್ಯವನ್ನು ಈ ನಾಡು ನೆನಪಿಟ್ಟದ್ದು ಹೇಗೆ? ಮೊದಲನೆಯದು ವೀರಗಲ್ಲು. ತುರು ಕಾಯಲು ಹೋಗಿ, ಊರು ಉಳಿಸಲು ಹೋಗಿ ಬಿದ್ದವನಿಗೆ ಕಲ್ಲು ನಿಲ್ಲಿಸಿದರು. ಸಾಲೋಟಗಿಯ ಶಾಸನ ಹುಟ್ಟಿದ ಮೂರನೆಯ ಕೃಷ್ಣನ ಕಾಲದಲ್ಲೇ, ದೂರದ ಮಂಡ್ಯ ಸೀಮೆಯ ಆತಕೂರಿನಲ್ಲಿ, ಕಾಳಿ ಎಂಬ ಬೇಟೆನಾಯಿಯ ಹೆಸರಿನ ಕಲ್ಲೊಂದು ನಿಂತಿತು. ಹಂದಿಯೊಡನೆ ಹೋರಾಡಿ ಎರಡೂ ಸತ್ತದ್ದನ್ನು ಆ ಕಲ್ಲು ಹೇಳುತ್ತದೆ. ಕನ್ನಡ ನಾಡು ಒಂದು ನಾಯಿಯ ಹೋರಾಟವನ್ನೂ ಹೆಸರು ಸಮೇತ ಬರೆದಿಟ್ಟಿದೆ ಎಂಬುದು ಹೆಮ್ಮೆಯ ಮಾತೇ. ಆದರೂ ಕಲ್ಲಿನ ಮೇಲೆ ಬರಬೇಕಾದರೆ ಸಾಯಬೇಕಿತ್ತು. ಹೋರಾಡಿ, ಸೋತು, ಬದುಕಿ ಮನೆಗೆ ಬಂದವನಿಗೆ ಕಲ್ಲಿಲ್ಲ. ಎರಡನೆಯದು ಶಾಸ್ತ್ರ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲವಿನೋದದ ಭಾಗವಿದೆ. ಆಗ ಈ ಸೀಮೆ ತರ್ದವಾಡಿ ಸಾಸಿರವೆಂಬ ಹೆಸರಿನಲ್ಲಿ ಅದೇ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ದರ್ಜೆಗಳು, ಅವರ ಆಹಾರ, ಸಾಧನೆ, ಪಟ್ಟುಗಳು ಎಲ್ಲವೂ ಅದರಲ್ಲಿವೆ. ಹೇಗೆ ಸೆಣಸಬೇಕು ಎಂಬುದು ಅದರ ಕಾಳಜಿ. ಇಂಥ ದಿನ ಇಂಥವರು ಸೆಣಸಿದರು ಎಂದು ಹೇಳುವುದು ಅದರ ಕೆಲಸವಾಗಿರಲಿಲ್ಲ. ಮೂರನೆಯದು ಹಾಡು. ಲಾವಣಿ, ಗೀಗೀ ಪದಗಳಲ್ಲಿ ಹೆಸರಾಂತವರು ಬಂದರು, ಹೆಸರಾಂತವರು ಮಾತ್ರ ಬಂದರು. ಪದ ಕಟ್ಟುವವನಿಗೆ ಕೇಳುವವರು ಬೇಕು, ಕೇಳುವವರಿಗೆ ಗೆಲುವೋ ದುರಂತವೋ ಬೇಕು. ಮೂರನೆಯ ಜೋಡಿಯಲ್ಲಿ ಹಿಡಿದು ಸಮನಾಗಿ ಹೊರಬಂದ ಪೈಲವಾನನ ಮೇಲೆ ಯಾರು ಪದ ಕಟ್ಟುತ್ತಾರೆ?

ಇಲ್ಲಿ ಬೇರೆ ಖಂಡದ ಒಂದು ಆಟವನ್ನು ಕರೆತರಬೇಕು. ಬೇಸ್‌ಬಾಲ್ ನಮ್ಮ ಭಾಗದಲ್ಲಿ ಆಡುವ ಆಟವಲ್ಲ, ಆದರೆ ಆಟದ ಲೆಕ್ಕ ಎಂಬ ವಿದ್ಯೆಯಲ್ಲಿ ಅದನ್ನು ಮೀರಿಸಿದ ಆಟ ಕಡಿಮೆ. ಆ ವಿದ್ಯೆಯ ಬೇರು ನಮಗೆ ಪರಿಚಿತವಾದ ಕ್ರಿಕೆಟ್ಟಿನಲ್ಲೇ ಇದೆ. ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವನು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಅವನು ಬೇಸ್‌ಬಾಲಿಗೆ ಮನಸೋತು, ಕ್ರಿಕೆಟ್ಟಿನ ಸ್ಕೋರ್ ಪಟ್ಟಿಯನ್ನು ಅದಕ್ಕೆ ಹೊಂದಿಸಿದ. 1859ರ ಸುಮಾರಿಗೆ ಅವನು ರೂಪ ಕೊಟ್ಟ ಆ ಚೌಕವೇ ‘ಬಾಕ್ಸ್ ಸ್ಕೋರ್’. ಒಬ್ಬ ಆಟಗಾರನಿಗೆ ಒಂದು ಸಾಲು: ಎಷ್ಟು ಸಲ ಬ್ಯಾಟಿಗೆ ಬಂದ, ಎಷ್ಟು ಹೊಡೆದ, ಎಷ್ಟು ಓಟ, ಎಷ್ಟು ತಪ್ಪು. ಇದರ ಚೆಲುವು ತಾಳೆ ನೋಡುವುದರಲ್ಲಿದೆ. ಬ್ಯಾಟಿಗೆ ಬಂದ ಪ್ರತಿಯೊಬ್ಬನಿಗೂ ಮೂರೇ ಗತಿ. ಅವನು ಓಟ ಮುಗಿಸಿ ಮನೆ ಮುಟ್ಟಿರಬೇಕು, ಔಟಾಗಿರಬೇಕು, ಇಲ್ಲವೆ ಪಾಳಿ ಮುಗಿದಾಗ ಬೇಸಿನ ಮೇಲೆ ನಿಂತೇ ಉಳಿದಿರಬೇಕು. ಒಂಬತ್ತು ಪಾಳಿಯೂ ಪೂರ್ತಿ ಆಡಿದ ತಂಡಕ್ಕೆ 27 ಔಟು. ಆ ತಂಡ 4 ಓಟ ಗಳಿಸಿ, 7 ಮಂದಿ ಬೇಸಿನಲ್ಲಿ ಉಳಿದಿದ್ದರೆ, ಬ್ಯಾಟಿಗೆ ಬಂದವರ ಒಟ್ಟು ಸರತಿ 38 ಇರಲೇಬೇಕು. 37 ಬಂದರೆ ಎಲ್ಲೋ ಒಬ್ಬನನ್ನು ಬರೆಯುವುದು ಬಿಟ್ಟುಹೋಗಿದೆ ಎಂದರ್ಥ. ಅಡತಿ ಅಂಗಡಿಯ ಗುಮಾಸ್ತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಖಾತೆ-ಕೀರ್ದಿ ಮುಚ್ಚುವಾಗ ಜಮೆಯೂ ಖರ್ಚೂ ಹೊಂದದಿದ್ದರೆ ಹೇಗೆ ಮತ್ತೆ ಮೊದಲಿನಿಂದ ಎಣಿಸುತ್ತಾನೋ ಹಾಗೆಯೇ ಇದು. ಒಬ್ಬನನ್ನು ಕೈಬಿಟ್ಟರೂ ಇಡೀ ಹಾಳೆ ತಾಳೆ ತಪ್ಪುತ್ತದೆ. ಸಾಧಾರಣ ಆಟಗಾರನನ್ನು ಮರೆಯದಿರುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಟ್ಟುಪಾಡು ಇನ್ನೇನು ಬೇಕು?

ಅದರ ಫಲಕ್ಕೆ ಒಂದು ಸಾಕ್ಷಿಯಿದೆ. ಆರ್ಚಿಬಾಲ್ಡ್ ‘ಮೂನ್‌ಲೈಟ್’ ಗ್ರಹಾಂ ಎಂಬವನು 1905ರ ಜೂನ್ 29ರಂದು ನ್ಯೂಯಾರ್ಕ್ ಜೈಂಟ್ಸ್ ತಂಡದ ಪರವಾಗಿ ಆಟದ ಕೊನೆಗೆ ಸ್ವಲ್ಪ ಹೊತ್ತು ಮೈದಾನದಲ್ಲಿ ನಿಂತಿದ್ದ. ಬ್ಯಾಟು ಹಿಡಿಯುವ ಸರತಿ ಅವನಿಗೆ ಬರಲಿಲ್ಲ. ದೊಡ್ಡ ಲೀಗಿನಲ್ಲಿ ಅವನು ಮತ್ತೆಂದೂ ಆಡಲಿಲ್ಲ. ಮುಂದೆ ವೈದ್ಯನಾಗಿ ಮಿನ್ನೆಸೋಟದ ಚಿಸಂ ಎಂಬ ಊರಿನಲ್ಲಿ ಬದುಕು ಕಳೆದ. ಅವನ ಸಾಲಿನಲ್ಲಿರುವುದು ಬರೀ ಸೊನ್ನೆ. ಆದರೆ ಸಾಲು ಇತ್ತು. ದಶಕಗಳ ನಂತರ ಆ ಸೊನ್ನೆಯ ಸಾಲು ಡಬ್ಲ್ಯು. ಪಿ. ಕಿನ್ಸೆಲ್ಲಾ ಎಂಬ ಲೇಖಕನ ಕಣ್ಣಿಗೆ ಬಿತ್ತು. 1982ರ ಅವನ ಕಾದಂಬರಿಯಲ್ಲೂ 1989ರ ಚಲನಚಿತ್ರದಲ್ಲೂ ಗ್ರಹಾಂ ಒಂದು ಪಾತ್ರವಾದ. ನಮ್ಮ ಕಣಗಳಲ್ಲಿ ಒಂದೇ ಕುಸ್ತಿ ಹಿಡಿದು ಹೊಲಮನೆಗೆ ಮರಳಿದ ಸಾವಿರಾರು ಹುಡುಗರಿಗೆ ಆ ಸೊನ್ನೆಯೂ ಇಲ್ಲ.

ಬರೆಯದೆ ಬಿಡುವುದು ಬರೀ ಮರೆವಿನಿಂದ ಆಗುತ್ತದೆ ಎಂದು ತಿಳಿಯಬಾರದು. ಅದೇ ಅಮೆರಿಕದಲ್ಲಿ ಕಪ್ಪು ಜನಾಂಗದ ಆಟಗಾರರನ್ನು ದೊಡ್ಡ ಲೀಗುಗಳಿಗೆ ಸೇರಿಸುತ್ತಿರಲಿಲ್ಲ. ಅವರು ತಮ್ಮದೇ ನೀಗ್ರೊ ಲೀಗುಗಳನ್ನು ಕಟ್ಟಿಕೊಂಡು ಆಡಿದರು. ಅವರ ಅಂಕಿಗಳು ಅಧಿಕೃತ ಪುಸ್ತಕದಲ್ಲಿ ಇರಲಿಲ್ಲವಾದ್ದರಿಂದ ಅವರು ಇತಿಹಾಸದಲ್ಲೂ ಇರಲಿಲ್ಲ. ಸಂಶೋಧಕರು ಪಿಟ್ಸ್‌ಬರ್ಗ್ ಕೂರಿಯರ್, ಷಿಕಾಗೊ ಡಿಫೆಂಡರ್‌ನಂಥ ಕಪ್ಪು ಜನರ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಬಾಕ್ಸ್ ಸ್ಕೋರುಗಳನ್ನು ವರ್ಷಗಟ್ಟಲೆ ಹೆಕ್ಕಿ ಕೂಡಿಸಿದರು. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1920ರಿಂದ 1948ರವರೆಗಿನ ಆ ಲೀಗುಗಳಿಗೆ ಸಮಾನ ದರ್ಜೆ ಕೊಟ್ಟಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಆ ಲೀಗುಗಳಲ್ಲಿ ಆಡಿದ ಜಾಶ್ ಗಿಬ್ಸನ್‌ನ .372 ಬ್ಯಾಟಿಂಗ್ ಸರಾಸರಿ, ಅಂದರೆ ಸಾವಿರ ಸರತಿಗೆ 372 ಹೊಡೆತ, ಅದುವರೆಗೆ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್‌ನ .367ನ್ನು ಹಿಂದಕ್ಕೆ ಹಾಕಿತು. ಗಿಬ್ಸನ್ ತೀರಿಕೊಂಡದ್ದು 1947ರಲ್ಲಿ. 77 ವರ್ಷ ತಡವಾಗಿ ನ್ಯಾಯ ಸಿಕ್ಕಿತು, ಆದರೆ ಸಿಗುವುದಕ್ಕೆ ಕಾರಣ ಯಾರೋ ಒಬ್ಬ ವರದಿಗಾರ ಆ ಸಂಜೆಯೇ ಬರೆದಿಟ್ಟಿದ್ದ ಹಾಳೆ. ಆ ಹಾಳೆಗಳಿಲ್ಲದಿದ್ದರೆ ಎಷ್ಟು ಸದುದ್ದೇಶವಿದ್ದರೂ ಸಂಸ್ಥೆ ಏನೂ ಮಾಡುವಂತಿರಲಿಲ್ಲ.

ನಮ್ಮ ಜಿಲ್ಲೆಗೇ ಬರೋಣ. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಮಹಿಳಾ ವಿಶ್ವಕಪ್ಪಿನ ಪಂದ್ಯ. ಭಾರತ 265 ಓಟ ಗಳಿಸಿತು. ಅದರಲ್ಲಿ ಮಿಥಾಲಿ ರಾಜ್ 109, ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ವಿಜಯಪುರದ ರಾಜೇಶ್ವರಿ ಗಾಯಕವಾಡ ಹೆಸರಿನ ಮುಂದೆ ಆ ದಿನ ಬಿದ್ದ ಅಂಕಿ: 7.3 ಓವರು, 15 ಓಟ, 5 ವಿಕೆಟ್. ಇದನ್ನು ಇಂದು ಆಲಮಟ್ಟಿಯ ಹುಡುಗಿಯೂ ಆಕ್ಲೆಂಡಿನ ಹುಡುಗಿಯೂ ಒಂದೇ ರೀತಿ ಓದಬಲ್ಲರು. ಕ್ರಿಕೆಟ್ಟಿನಲ್ಲಿ ಇಬ್ಬರು ಸ್ಕೋರರು ಇರಬೇಕು, ಇಬ್ಬರ ಪುಸ್ತಕವೂ ತಾಳೆಯಾಗುತ್ತಿರಬೇಕು ಎಂಬುದು ನಿಯಮ. ಆ ಪುಸ್ತಕದಲ್ಲಿ ಓಟ ಬಾರದ ಎಸೆತಕ್ಕೆ ಒಂದು ಚುಕ್ಕೆ. ಆರೂ ಚುಕ್ಕೆಯಾದರೆ ಸ್ಕೋರರ್ ಅವನ್ನು ಗೆರೆಯಿಂದ ಕೂಡಿಸಿ ಇಂಗ್ಲಿಷಿನ ‘ಎಮ್’ ಬರೆಯುತ್ತಾನೆ, ಮೇಡನ್ ಎಂದು. ಏನೂ ಆಗದಿದ್ದನ್ನೂ ಆಯಿತು ಎಂದು ಬರೆದಿಡುವ ಈ ಗುಣವೇ ಬೌಲರನನ್ನು ಉಳಿಸಿದ್ದು. 1973ರಲ್ಲಿ ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ ಮೇಲೆ 2006ರಲ್ಲಿ ಅದು ಬಿಸಿಸಿಐ ಜೊತೆ ಸೇರುವವರೆಗೆ ದೇಶದೊಳಗೆ ಆಡಿದ ಹೆಣ್ಣುಮಕ್ಕಳಿಗೆ ಹಣವೂ ಕಡಿಮೆ, ಹಾಳೆಯೂ ಕಡಿಮೆ. ಆಟದ ಮಟ್ಟ ಕಡಿಮೆಯಿತ್ತೆಂದು ಹೇಳಲು ನಮ್ಮ ಬಳಿ ಯಾವ ಆಧಾರವೂ ಇಲ್ಲ. ಹೇಳಲಾಗದಂತೆ ಮಾಡಿದ್ದೇ ಹಾಳೆಯ ಅಭಾವ. ಕಬಡ್ಡಿಯ ಕತೆಯೂ ಇಂಥದ್ದೇ. ಈ ತಾಲೂಕುಗಳಲ್ಲಿ ಎಷ್ಟೋ ತಲೆಮಾರು ಸಂಜೆಯ ಬಯಲಿನಲ್ಲಿ ಕಬಡ್ಡಿ ಆಡಿವೆ. ಯಾವ ತಂಡ ಗೆದ್ದಿತು ಎಂಬುದಷ್ಟೇ ಊರಿಗೆ ಬರುತ್ತಿತ್ತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಬಂದ ಮೇಲೆ ದಾಳಿಯ ಅಂಕ, ಹಿಡಿತದ ಅಂಕ, ಬೋನಸ್ ಎಂದು ಪ್ರತಿಯೊಬ್ಬನ ಹೆಸರಿಗೆ ಒಂದೊಂದು ಸಾಲು ಬಂತು. 2019ರ ಜನವರಿ 5ರ ಫೈನಲ್ಲಿನಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಸೋಲಿಸಿದಾಗ ಪವನ್ ಸೆಹ್ರಾವತ್ ಗಳಿಸಿದ್ದು 22 ಅಂಕ ಎಂದು ಹಳ್ಳಿಯ ಹುಡುಗರೂ ಹೇಳುತ್ತಾರೆ. ಆಟ ಅದೇ, ನಿಯಮ ಹೆಚ್ಚುಕಡಿಮೆ ಅದೇ. ಹೊಸದಾಗಿ ಬಂದದ್ದು ಬರೆಯುವ ಕೈ.

ವಿಚಿತ್ರವೆಂದರೆ ಅಳತೆಯ ವಿಷಯದಲ್ಲಿ ನಮ್ಮ ಒಂದು ಆಟ ಬೇಸ್‌ಬಾಲಿಗಿಂತ ಮುಂದಿದೆ. ಗುಂಡು ಎತ್ತುವ ಆಟ. ಹನುಮಪ್ಪನ ಗುಡಿಯ ಮುಂದೆ, ಗರಡಿಯ ಮೂಲೆಯಲ್ಲಿ ಬಿದ್ದಿರುವ ದುಂಡು ಕಲ್ಲು, ಕೈಹಿಡಿ ಕೊರೆದ ಸಂಗ್ರಾಣಿ ಕಲ್ಲು ಇವು ಬರೀ ಕಲ್ಲುಗಳಲ್ಲ, ತೂಕದ ಮಾಪಕಗಳು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಬೇಸ್‌ಬಾಲಿನಲ್ಲಿ ಚೆಂಡು ಬದಲಾಗಿದೆ, ಮೈದಾನ ಬದಲಾಗಿದೆ, 1920ರ ಹಿಂದಿನ ಕಾಲವನ್ನು ಸತ್ತ ಚೆಂಡಿನ ಕಾಲವೆಂದೇ ಕರೆಯುತ್ತಾರೆ. ಹೀಗಾಗಿ ಅಜ್ಜನ ಅಂಕಿಯನ್ನು ಮೊಮ್ಮಗನ ಅಂಕಿಯ ಪಕ್ಕ ಇಟ್ಟು ತೂಗುವುದು ಅಲ್ಲಿ ಕಷ್ಟ. ಗುಂಡಿಗೆ ಆ ತೊಡಕಿಲ್ಲ. ಅಜ್ಜ ಮೊಣಕಾಲಿನವರೆಗೆ ತಂದ ಕಲ್ಲನ್ನೇ ಮೊಮ್ಮಗ ಎದೆಗೆ ತರಬೇಕು, ಹೆಗಲ ಮೇಲಿಂದ ಹಿಂದಕ್ಕೆ ಒಗೆಯಬೇಕು. ಮಳೆ ಬಿಸಿಲಿಗೆ ನೂರು ವರ್ಷ ಬಿದ್ದಿದ್ದರೂ ಅದರ ತೂಕ ಅಷ್ಟೇ. ಜಗತ್ತಿನ ಯಾವ ಆಟಕ್ಕೂ ಸುಲಭವಾಗಿ ಸಿಗದ ಅಳತೆಗೋಲು ನಮ್ಮ ಗುಡಿಯ ಕಟ್ಟೆಯ ಕೆಳಗೆ ಬಿದ್ದಿದೆ. ಕೊರತೆಯಾದದ್ದು ಒಂದೇ: ಯಾವ ವರ್ಷ ಯಾರು ಎಷ್ಟು ಎತ್ತರಕ್ಕೆ ತಂದರು, ಯಾರು ಕದಲಿಸಿ ಕೈಬಿಟ್ಟರು ಎಂಬ ಪಟ್ಟಿ. ಕಲ್ಲು ಹಾಗೆಯೇ ಇದೆ, ಅದನ್ನು ಎತ್ತಿದ ಕೈಗಳು ಯಾರವೆಂದು ಹೇಳಲು ಅದರಿಂದಾಗದು.

ಎತ್ತಿನ ಆಟಗಳಿಗೆ ಬಂದರೆ ಬರೆದಿಡದ ತಪ್ಪಿಗೆ ಬೆಲೆಯನ್ನೇ ತೆತ್ತಿದ್ದೇವೆ. ತೆರಬಂಡಿ ಸ್ಪರ್ಧೆಯಲ್ಲಿ ಗಾಲಿ ಉರುಳದಂತೆ ಕಟ್ಟಿದ ಬಂಡಿಯನ್ನು ಎತ್ತುಗಳು ಗೊತ್ತುಪಡಿಸಿದ ಹೊತ್ತಿನೊಳಗೆ ಎಷ್ಟು ದೂರ ಎಳೆದವು ಎಂದು ಟೇಪು ಹಿಡಿದು ಅಳೆಯುತ್ತಾರೆ. ಅಂದರೆ ಅಂಕಿ ಹುಟ್ಟುತ್ತದೆ, ಬಹುಮಾನ ಹಂಚಿದ ಕೂಡಲೇ ಸಾಯುತ್ತದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿ ಓಟಗಳನ್ನು ನಿಲ್ಲಿಸಿತು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಇದು ಸಂಸ್ಕೃತಿಯ ಭಾಗವೇ ಎಂಬುದನ್ನು ಆಳವಾಗಿ ಶೋಧಿಸುವುದು ನ್ಯಾಯಾಲಯದ ಕೆಲಸವಲ್ಲ, ಶಾಸನಸಭೆ ಹೇಳಿದ್ದನ್ನು ಒಪ್ಪುತ್ತೇವೆ ಎಂಬುದು ಪೀಠದ ನಿಲುವು. ಒಂಬತ್ತು ವರ್ಷದ ಈ ಜಗ್ಗಾಟದಲ್ಲಿ ಎರಡು ಪ್ರಶ್ನೆ ಮತ್ತೆ ಮತ್ತೆ ಬಂದವು. ಈ ಆಟ ಎಷ್ಟು ಹಳೆಯದು? ಎತ್ತಿಗೆ ಎಷ್ಟು ನೋವಾಗುತ್ತದೆ? ಎಷ್ಟು ಜೋಡಿ ಬಂದವು, ಎಷ್ಟು ಭಾರ ಹೇರಿದರು, ಯಾವ ಎತ್ತು ಗಾಯಗೊಂಡಿತು ಎಂಬ ಐವತ್ತು ವರ್ಷದ ವಹಿ ಒಂದೊಂದು ಊರಿನಲ್ಲಿದ್ದರೆ ಎರಡಕ್ಕೂ ಉತ್ತರ ಇರುತ್ತಿತ್ತು. ಆ ಉತ್ತರ ಆಟದ ಪರವಾಗಿಯೇ ಇರುತ್ತಿತ್ತೆಂದು ನಾನು ಹೇಳಲಾರೆ. ಎತ್ತಿಗೆ ಹಿಂಸೆಯಾಗಿದ್ದರೆ ಅದೂ ಅದರಲ್ಲಿ ಕಾಣಬೇಕಿತ್ತು, ತಿದ್ದಿಕೊಳ್ಳಬೇಕಿತ್ತು.

ಇದಕ್ಕೆಲ್ಲ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಅಂಕಿ ಸುಳ್ಳು ಹೇಳುತ್ತದೆ ಎಂಬುದು ಮೊದಲನೆಯದು. 2020ರ ಫೆಬ್ರವರಿಯಲ್ಲಿ ಕರಾವಳಿಯ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದವು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಸೆಕೆಂಡು ಎಂದರು, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಕೋಣ ಎಳೆಯುತ್ತಿರುವಾಗ ಓಡುವವನ ವೇಗ, ನಿಂತಲ್ಲಿಂದ ಒಬ್ಬನೇ ಓಡುವವನ ವೇಗ ಎರಡೂ ಬೇರೆ ಬೇರೆ ಸಂಗತಿ. ಹೋಲಿಕೆ ತಪ್ಪು, ಒಪ್ಪೋಣ. ಆದರೆ ಆ ತಪ್ಪನ್ನು ತೋರಿಸಿಕೊಡಲು ನಮಗೆ ನೆರವಾದದ್ದೂ ಬರೆದಿಟ್ಟ ದೂರ, ಬರೆದಿಟ್ಟ ಸಮಯ. ಕಂಬಳದವರು ಸಮಯ ಬರೆದಿಟ್ಟದ್ದರಿಂದಲೇ ಕೆಲವೇ ದಿನಗಳಲ್ಲಿ ಇನ್ನೊಬ್ಬ ಓಟಗಾರ ನಿಶಾಂತ್ ಶೆಟ್ಟಿ 13.61 ಸೆಕೆಂಡಿನಲ್ಲಿ ಓಡಿದ್ದೂ ಗೊತ್ತಾಯಿತು. ಬಾಯಿಮಾತಿನಲ್ಲಿ ಉಳಿದ ಉತ್ಪ್ರೇಕ್ಷೆಯನ್ನು ಅಲ್ಲಗಳೆಯಲು ಮಾತ್ರ ಯಾವ ದಾರಿಯೂ ಇಲ್ಲ.

ಕುಸ್ತಿಯನ್ನು ಅಂಕಿಯಲ್ಲಿ ಹಿಡಿಯಲಾಗದು ಎಂಬುದು ಎರಡನೆಯದು, ಹೆಚ್ಚು ಬಲವಾದದ್ದು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಹಚ್ಚುವವರು ಹಿರಿಯರು; ಅವರು ಸಮಬಲದವರನ್ನೇ ಹಚ್ಚಬಹುದು, ಕೆಲವೊಮ್ಮೆ ಹಚ್ಚದಿರಬಹುದು. ಮೂವತ್ತು ಗೆದ್ದವನು ಹತ್ತು ಗೆದ್ದವನಿಗಿಂತ ದೊಡ್ಡವನೆಂದು ಹೇಳಲಾಗದು. ಒಂದು ತಾಸು ಹಿಡಿದು ಸಮನಾದ ಜೋಡಿಯ ಕಸುವು ಎರಡು ನಿಮಿಷದ ಗೆಲುವಿಗಿಂತ ಹಿರಿದು. ಇದೆಲ್ಲ ಸರಿಯೇ. ಹಾಗೆಂದ ಮಾತ್ರಕ್ಕೆ ಬರೆಯುವುದು ಬೇಡವೆಂದಾಗುವುದಿಲ್ಲ, ಇನ್ನಷ್ಟು ಬರೆಯಬೇಕೆಂದಾಗುತ್ತದೆ. ಎದುರಾಳಿ ಯಾರು, ಯಾವ ಗರಡಿ, ವಸ್ತಾದ ಯಾರು, ಎಷ್ಟು ಹೊತ್ತು, ಯಾವ ಡಾವು, ಏನು ಬಹುಮಾನ ಇವು ಆರು ಕಾಲಂ. ಅವನ್ನು ಓದಿದವನಿಗೆ ಗೆಲುವಿನ ಸಂಖ್ಯೆಯ ಹಂಗೇ ಬೇಡ. ಎಣಿಕೆ ಬಂದರೆ ಬಾಜಿ ಬರುತ್ತದೆ ಎಂದು ಹಿರಿಯರು ಹೆದರುತ್ತಾರೆ. ಹೆದರಿಕೆಗೆ ಕಾರಣವಿದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತೇ ಕಾಯ್ದೆ ಮಾಡಿ ನಿಷೇಧಿಸಬೇಕಾಯಿತು. ಆದರೆ ಬಾಜಿ ಕಟ್ಟುವವನಿಗೆ ಬೇಕಾದದ್ದು ನಾಳಿನ ಫಲಿತಾಂಶ, ಇತಿಹಾಸಕ್ಕೆ ಬೇಕಾದದ್ದು ನಿನ್ನೆಯದು. ಇನ್ನು ಹೆಳವರು ಎತ್ತಿನ ಮೇಲೆ ಬಂದು ಮನೆತನದ ತಲೆಮಾರುಗಳನ್ನು ಹಾಡಿ ಹೇಳುವ ನಾಡಿನಲ್ಲಿ ನೆನಪಿಗಿಂತ ಹಾಳೆ ದೊಡ್ಡದೇ ಎಂದು ಕೇಳುವವರೂ ಇದ್ದಾರೆ. ಹೆಳವರ ನೆನಪಿಗೆ ನಾನು ತಲೆಬಾಗುತ್ತೇನೆ. ಆದರೆ ಆ ನೆನಪು ಉಳಿದದ್ದು ಅದನ್ನೇ ಕಸುಬು ಮಾಡಿಕೊಂಡ ಒಂದು ಸಮುದಾಯ ಇದ್ದುದರಿಂದ, ಮನೆತನಗಳು ಅವರಿಗೆ ಕಾಳು ಕೊಟ್ಟು ಸಾಕಿದ್ದರಿಂದ. ಕುಸ್ತಿಯ ಕಣಕ್ಕೆ ಅಂಥ ಹೆಳವ ಹುಟ್ಟಲೇ ಇಲ್ಲ. ಹೆಳವರ ಕೈಯಲ್ಲೂ ಇಂದು ಹೊತ್ತಿಗೆಗಳಿವೆ ಎಂಬುದನ್ನು ಗಮನಿಸಬೇಕು.

ಬಾಯಲ್ಲಿದ್ದದ್ದನ್ನು ಹಾಳೆಗೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರು ಯಾರು? ಹಳೆಯ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತ ತಾಯಂದಿರ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಹೆಸರಿಲ್ಲದ ಹೆಣ್ಣುಮಕ್ಕಳ ಹಾಡು ಕನ್ನಡ ಸಾಹಿತ್ಯವಾಯಿತು. ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಅವರು ಬರೆದುಕೊಳ್ಳದಿದ್ದರೆ ಏನೇನು ಹೋಗುತ್ತಿತ್ತು ಎಂದು ಎಣಿಸಿದರೆ ಎದೆ ಝಲ್ಲೆನ್ನುತ್ತದೆ. ಆ ಹಿರಿಯರು ಹಾಡಿಗೂ ವಚನಕ್ಕೂ ಮಾಡಿದ್ದನ್ನು ಆಟಕ್ಕೆ ಮಾಡುವವರು ಬರಲಿಲ್ಲ. ಕಾರ ಹುಣ್ಣಿಮೆಯನ್ನೇ ನೋಡಿ: ಆ ದಿನ ಊರ ಅಗಸಿಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದಾದರೆ ಬಿಳಿಜೋಳದ ಹಿಂಗಾರಿಗೆ ಒಳ್ಳೆಯದು, ಕೆಂದೆತ್ತು ಮುಂದಾದರೆ ಮುಂಗಾರಿಗೆ ಒಳ್ಳೆಯದು ಎಂಬ ನಂಬಿಕೆ ಅದರ ಜೊತೆಗಿದೆ. ಮಳೆಯ ಲೆಕ್ಕ ತಾಲೂಕು ಕಚೇರಿಯಲ್ಲಿದೆ, ಬೆಳೆಯ ಲೆಕ್ಕವೂ ಇದೆ. ಯಾವ ವರ್ಷ ಯಾವ ಬಣ್ಣದ ಎತ್ತು ಕರಿ ಹರಿಯಿತು ಎಂಬ ಲೆಕ್ಕವೊಂದಿದ್ದರೆ ಹಿರಿಯರ ನಂಬಿಕೆಯನ್ನು ಗೌರವದಿಂದಲೇ ಪರೀಕ್ಷಿಸಿ ನೋಡಬಹುದಿತ್ತು. ಒಂದು ವರ್ಷಕ್ಕೆ ಒಂದೇ ಸಾಲು ಸಾಕಿತ್ತು; ನೂರು ವರ್ಷಕ್ಕೆ ನಾಲ್ಕು ಪುಟ.

ಜಾತ್ರಾ ಕಮಿಟಿಯ ಹಿರಿಯರಲ್ಲಿ, ಗರಡಿಯ ವಸ್ತಾದರಲ್ಲಿ, ಹಳ್ಳಿಯ ಶಾಲೆಯ ಮಾಸ್ತರರಲ್ಲಿ ಒಂದು ಬೇಡಿಕೆ. ಮುಂದಿನ ಜಾತ್ರೆಗೆ ಪಾವತಿ ಪುಸ್ತಕ ಅಚ್ಚು ಹಾಕಿಸುವಾಗ ಜೊತೆಗೆ ಇನ್ನೂರು ಪುಟದ ಒಂದು ವಹಿ ತರಿಸಿ. ಚೆಂದದ ಅಕ್ಷರ ಬರೆಯುವ ಇಬ್ಬರು ಮಕ್ಕಳನ್ನು, ಒಬ್ಬ ಹುಡುಗ ಒಬ್ಬ ಹುಡುಗಿ, ಕಣದ ಅಂಚಿಗೆ ಕೂಡಿಸಿ. ಇಬ್ಬರೂ ಬೇರೆ ಬೇರೆ ಬರೆದು ಸಂಜೆ ತಾಳೆ ನೋಡಲಿ. ತಾರೀಖು, ಕುಸ್ತಿ ಹಿಡಿದ ಇಬ್ಬರ ಹೆಸರು, ಅವರ ಊರು, ಹಿಡಿದ ಹೊತ್ತು, ಬಿದ್ದ ಡಾವು ಬರೆಯಲಿ. ಗುಂಡು ಎತ್ತಿದವರನ್ನೂ ಎತ್ತಲು ಬಂದು ಕೈಬಿಟ್ಟವರನ್ನೂ ಬರೆಯಲಿ. ವಹಿಯನ್ನು ದೇವರ ಆಭರಣದ ಪೆಟ್ಟಿಗೆಯಲ್ಲೇ ಇಡಿ. ಸೋತವನ ಹೆಸರಿನ ಕಾಲಂ ಖಾಲಿ ಬಿಡಬೇಡಿ.